ಸುರುಳಿಯಿಂದ ಮಡಿಕೆಗೆ: ಪೇಟೆಯ ಗಲ್ಲಿಗಳಲ್ಲಿ ಹೋಸ್ ಹಾಸಿದ ನನ್ನ ಅನುಭವ

ಹಳೇ ಬೆಂಗಳೂರಿನ ಪೇಟೆಯ ಕರೆಗಳಿಗೆ ಹೋಗಿ ಬಂದ ಅಗ್ನಿಶಾಮಕರಿಗೆ ಅಲ್ಲಿನ ಕಷ್ಟವನ್ನು ವಿವರಿಸಬೇಕಾಗಿಲ್ಲ. ಬಳೇಪೇಟೆಯಾಗಲಿ, ಮಾಮೂಲ್‌ಪೇಟೆಯಾಗಲಿ, ನಗರ್ತಪೇಟೆಯಾಗಲಿ, ನೀರು ಹೊತ್ತ ನಮ್ಮ ಗಾಡಿ, ವಾಟರ್ ಟೆಂಡರ್, ದೊಡ್ಡ ರಸ್ತೆಯಲ್ಲೇ ನಿಂತುಬಿಡುತ್ತದೆ. ಬೆಂಕಿ ಇರುವುದು ಐದಡಿ ಗಲ್ಲಿಯ ಒಳಗೆ, ಕಡಿದಾದ ಮೆಟ್ಟಿಲು ಹತ್ತಿದ ಮೇಲೆ ಸಿಗುವ ಮೂರನೇ ಮಹಡಿಯಲ್ಲಿ. ಅಂಥ ಗಲ್ಲಿಯಲ್ಲಿ ಸುರುಳಿ ಹೋಸನ್ನು ಉರುಳಿಸಿದರೆ ಅದು ಮೊದಲು ಸಿಕ್ಕ ಸ್ಕೂಟರಿನ ಸ್ಟ್ಯಾಂಡಿಗೆ ಬಡಿದು ಮಗ್ಗುಲಾಗಿ ಬೀಳುತ್ತದೆ, ಅರ್ಧ ಬಿಚ್ಚಿಕೊಂಡು ಅರ್ಧ ತಿರುಚಿಕೊಳ್ಳುತ್ತದೆ. ಮೆಟ್ಟಿಲಿನ ಮೇಲಂತೂ ಸುರುಳಿ ಬಿಚ್ಚಲು ಜಾಗವೇ ಇರುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ, ಮೂವತ್ತು ಮೀಟರ್ ಹೋಸನ್ನು ಹಿಂದೆ ಮುಂದೆ ಮಡಿಸಿ, ನೀರು ಚಿಮ್ಮಿಸುವ ತುದಿಯ ನಳಿಕೆಯಾದ ಬ್ರಾಂಚನ್ನು ಮೊದಲೇ ಜೋಡಿಸಿ, ಪಟ್ಟಿಯಿಂದ ಬಿಗಿದು ಕಟ್ಟಾಗಿ ಹೆಗಲ ಮೇಲೆ ಹೊತ್ತೊಯ್ಯುವುದು. ಫ್ಲೇಕಿಂಗ್ ಎನ್ನುವ ಈ ಮಡಿಸುವ ರೀತಿ ಹೊಸ ವಿದ್ಯೆಯೇನಲ್ಲ, ತರಬೇತಿಯಲ್ಲಿ ಎಲ್ಲರೂ ಮಾಡಿದವರೇ. ಆದರೆ ಅದನ್ನು ಲಾಕರಿನಲ್ಲಿ ಸದಾ ಸಿದ್ಧವಾಗಿಟ್ಟು ಕರೆಗೆ ಒಯ್ಯುತ್ತೇನೆಂದಾಗ ನಮ್ಮ ಠಾಣೆಯಲ್ಲಿ ಒಪ್ಪಿದವರು ಒಬ್ಬರೋ ಇಬ್ಬರೋ. "ಮಡಿಸಿದ ಜಾಗದಲ್ಲೇ ಒಳಗಿನ ರಬ್ಬರ್ ಬಿರಿಯುತ್ತದೆ, ಬೆಂಕಿಯ ಮುಂದೆ ನಿಂತಾಗ ಹೋಸ್ ಒಡೆದರೆ ಯಾರನ್ನು ಕೇಳುತ್ತೀರಿ?" ಎಂದು ಹಿರಿಯರೊಬ್ಬರು ಡ್ರಿಲ್ ಮೈದಾನದಲ್ಲಿ ಎಲ್ಲರೆದುರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ಉತ್ತರ ಕೊಡಲು ನನಗೆ ಹತ್ತಿರಹತ್ತಿರ ಎರಡು ವರ್ಷ ಹಿಡಿಯಿತು.

ನಾನು ಹಟ ಹಿಡಿಯಲು ಕಾರಣ ಸರಳವಾದ ಒಂದು ಲೆಕ್ಕ. ನಮ್ಮ 63 ಮಿ.ಮೀ. ಹೋಸ್ 30 ಮೀಟರ್ ಉದ್ದಕ್ಕೆ ತುಂಬಿಕೊಂಡರೆ ಅದರೊಳಗೆ ಸುಮಾರು 93 ಲೀಟರ್ ನೀರಿರುತ್ತದೆ, ಅಂದರೆ ಹೋಸಿನ ಸ್ವಂತ ತೂಕವಲ್ಲದೆ ಇನ್ನೂ 93 ಕೆ.ಜಿ. ಅದನ್ನು ಇಬ್ಬರು ಮೂರು ಮಹಡಿ ಎಳೆದೊಯ್ಯುವುದು ಆಗದ ಮಾತು, ಎಳೆದರೂ ಬೆನ್ನಿಗೆ ಹೊತ್ತ ಉಸಿರಾಟದ ಸಾಧನದ (ಬಿ.ಎ. ಸೆಟ್) ಗಾಳಿಯಲ್ಲಿ ಅರ್ಧ ಮೆಟ್ಟಿಲಲ್ಲೇ ಖರ್ಚಾಗುತ್ತದೆ. ಹೋಸ್ ಮೇಲಿನವರೆಗೆ ನೀರು ತುಂಬದೆಯೇ ಹೋಗಬೇಕು, ಅಲ್ಲಿ ಸಿಕ್ಕು ಬೀಳದೆ ಬಿಚ್ಚಿಕೊಂಡಿರಬೇಕು, ಆಮೇಲೆ ನೀರು ಬರಬೇಕು.

ಮೊದಲ ಕಟ್ಟನ್ನು ಒಂದು ಮೀಟರ್ ಮಡಿಕೆಯಲ್ಲಿ ಮಾಡಿದೆ. ಮೂವತ್ತು ಪದರಗಳು ದಪ್ಪವಾಗಿ ನಿಂತು, ಹೆಗಲ ಮೇಲೆ ಕೂರದೆ, ನಾಲ್ಕು ಹೆಜ್ಜೆಗೆ ಕೆಳಗೆ ಜಾರಿದವು. ಎರಡು ಮೀಟರ್ ಮಡಿಕೆ ಮಾಡಿದಾಗ ತುದಿಗಳು ಮೊಣಕಾಲಿಗೆ ಬಡಿದು ಮೆಟ್ಟಿಲು ಹತ್ತಲು ಬಿಡಲಿಲ್ಲ. ಕೊನೆಗೆ ಒಂದೂಕಾಲು ಮೀಟರ್ ಸರಿಹೋಯಿತು. ಇಪ್ಪತ್ನಾಲ್ಕು ಪದರ ಬರುತ್ತವೆ, ಹೆಗಲಿನ ಹಿಂದೆ ಮುಂದೆ ಸಮನಾಗಿ ತೂಗುತ್ತವೆ. ಕಟ್ಟಲು ಮೊದಲು ಬಳಸಿದ್ದು ತೆಂಗಿನ ನಾರಿನ ಹಗ್ಗ. ಅದು ನೆನೆದು ಗಂಟು ಬಿಗಿದುಕೊಂಡಾಗ ಚಾಕು ಹಾಕಿ ಕುಯ್ಯಬೇಕಾಯಿತು. ಸೈಕಲ್ ಟ್ಯೂಬ್ ತುಂಡುಗಳು ಹೋಸಿನ ತುದಿಯ ಜೋಡಣೆಯಾದ ಕಪ್ಲಿಂಗಿನಿಂದ ಹೊರಚಾಚಿದ ಲಗ್ಗಿಗೆ ಸಿಕ್ಕಿಕೊಂಡವು. ಜೆ.ಸಿ. ರಸ್ತೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕಾರಿನ ಸೀಟ್ ಬೆಲ್ಟ್ ಪಟ್ಟಿ ಕೊಂಡು, ಚಪ್ಪಲಿ ಹೊಲಿಯುವವರಿಂದ ವೆಲ್ಕ್ರೋ ಹೊಲಿಸಿದ ಮೇಲೆ ಆ ತೊಂದರೆ ತಪ್ಪಿತು. ಪಟ್ಟಿಗೆ ಸುಮಾರು 200, ಹೊಲಿಗೆಗೆ ನೂರು ನೂರಿಪ್ಪತ್ತು ರೂಪಾಯಿ ಆಗಿರಬೇಕು, ಎಲ್ಲವೂ ನನ್ನ ಕೈಯಿಂದಲೇ.

ಅತಿ ದೊಡ್ಡ ತಪ್ಪು ನಡೆದದ್ದು ಡ್ರಿಲ್‌ನಲ್ಲಿ. ಕಟ್ಟು ಇನ್ನೂ ನಮ್ಮ ಹುಡುಗನೊಬ್ಬನ ಹೆಗಲ ಮೇಲಿರುವಾಗಲೇ ಪಂಪಿನ ಬಳಿಯಿದ್ದವರು ಡೆಲಿವರಿ ವಾಲ್ವ್ ತೆರೆದುಬಿಟ್ಟರು. ಮಡಿಕೆಗಳೆಲ್ಲ ಒಟ್ಟಿಗೆ ಉಬ್ಬಿ, ಅವನು ಕಟ್ಟಿನ ಸಮೇತ ಗೋಡೆಗೆ ಒತ್ತಿಹೋದ. ಪೆಟ್ಟಾಗಲಿಲ್ಲ, ಆದರೆ ಮೂರು ತಿಂಗಳು ಯಾರೂ ಆ ಕಟ್ಟನ್ನು ಮುಟ್ಟಲಿಲ್ಲ. ಅಂದಿನಿಂದ ನಮ್ಮಲ್ಲಿ ಒಂದೇ ನಿಯಮ: ಬ್ರಾಂಚ್ ಹಿಡಿದವನು ತಾನೇ "ನೀರು ಬಿಡಿ" ಎಂದು ವಾಕಿಟಾಕಿಯಲ್ಲಿ ಹೇಳುವವರೆಗೆ ಚಾಲಕರು ವಾಲ್ವಿಗೆ ಕೈ ಹಾಕುವಂತಿಲ್ಲ, ಠಾಣಾಧಿಕಾರಿಗಳೇ ಹೇಳಿದರೂ.

ರಬ್ಬರ್ ಬಿರಿಯುವ ಪ್ರಶ್ನೆಗೆ ಬರುತ್ತೇನೆ. ವಿಲೇವಾರಿಗೆ ಹೋಗಬೇಕಿದ್ದ ಹಳೆಯ ಆರ್.ಆರ್.ಎಲ್. (ಒಳಗೆ ರಬ್ಬರ್ ಪದರವಿರುವ) ಹೋಸ್ ಒಂದನ್ನು ಕೇಳಿ ಪಡೆದು, ಆರು ತಿಂಗಳು ಒಂದೇ ಜಾಗದಲ್ಲಿ ಮಡಿಸಿಟ್ಟೆ. ಪಂಪಿಗೆ ಹಾಕಿ ಚದರ ಸೆಂ.ಮೀ.ಗೆ 10 ಕೆ.ಜಿ. ಒತ್ತಡ ಕೊಟ್ಟಾಗ ಎರಡು ಮಡಿಕೆಗಳಲ್ಲಿ ನೀರು ಬೆವರಿನಂತೆ ಜಿನುಗಿತು. ಹಿರಿಯರ ಮಾತು ಅಷ್ಟರ ಮಟ್ಟಿಗೆ ನಿಜವಾಯಿತು. ಅದೇ ಕಾಲದ ಇನ್ನೊಂದು ಹೋಸನ್ನು ಪ್ರತಿ ಶುಕ್ರವಾರ ಬಿಚ್ಚಿ, ಮಡಿಕೆಯನ್ನು ಒಂದು ಗೇಣು ಸರಿಸಿ ಮತ್ತೆ ಕಟ್ಟುತ್ತ ಬಂದಿದ್ದೆ. ಅದು ಅಷ್ಟೇ ಒತ್ತಡಕ್ಕೆ ಒಂದು ಹನಿಯನ್ನೂ ಬಿಡಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಹಾಸಿ ತೋರಿಸಿದ ದಿನ ಠಾಣೆಯಲ್ಲಿ ವಾದ ನಿಂತಿತು.

ನಡುವೆ 45 ಮಿ.ಮೀ. ಹೋಸಿನ ಹುಚ್ಚೂ ಹಿಡಿದಿತ್ತು. ಅದರಲ್ಲಿ ನೀರಿನ ತೂಕ ಅರ್ಧಕ್ಕರ್ಧ ಕಡಿಮೆ, ತಿರುವುಗಳಲ್ಲಿ ಬಲು ಸಲೀಸು. ಆದರೆ ನಮ್ಮ 63ರ ಕಪ್ಲಿಂಗಿಗೆ ಅದು ಕೂಡುವುದಿಲ್ಲ. ಲೇತ್‌ನಲ್ಲಿ ಅಡಾಪ್ಟರ್ ಮಾಡಿಸಲು ಸುಮಾರು 1,800 ರೂಪಾಯಿ ಹಾಕಿದೆ, ಒತ್ತಡ ಏರಿದೊಡನೆ ಸೋರಿತು, ಎರಡನೆಯದೂ ಸೋರಿತು, ಅಲ್ಲಿಗೆ ಕೈಬಿಟ್ಟೆ. ಹೊರಗಿನ ಬಾಲ್ಕನಿಯಿಂದ ಹಗ್ಗ ಇಳಿಬಿಟ್ಟು ಹೋಸನ್ನು ನೇರ ಮೇಲೆಳೆಯುವುದನ್ನೂ ಮಾಡಿ ನೋಡಿದ್ದೇವೆ; ಕಡಿಮೆ ಹೋಸ್ ಸಾಕಾಗುತ್ತದೆ, ಆದರೆ ಪೇಟೆಯಲ್ಲಿ ವಿದ್ಯುತ್ ತಂತಿಗಳು ಕೈಗೆಟಕುವ ದೂರದಲ್ಲೇ ಇರುವುದರಿಂದ ಅದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಮಡಿಕೆ ಕಟ್ಟು ನಿಜವಾಗಿ ಪರೀಕ್ಷೆಗೆ ಬಂದದ್ದು ಒಂದು ಬಟ್ಟೆ ಗೋದಾಮಿನ ಕರೆಯಲ್ಲಿ. ಮೂರನೇ ಮಹಡಿ, ರಾತ್ರಿ ಸುಮಾರು ಎರಡು ಗಂಟೆ, ಗಾಡಿ ನಿಂತದ್ದು ಎಪ್ಪತ್ತು ಎಂಬತ್ತು ಮೀಟರ್ ದೂರದಲ್ಲಿ. ದೊಡ್ಡ ರಸ್ತೆಯ ಅಂಚಿಗೆ ಎಂದಿನಂತೆ ಸುರುಳಿ ಹೋಸುಗಳನ್ನೇ ಉರುಳಿಸಿ ಗಲ್ಲಿಯ ಬಾಯಿಯವರೆಗೆ ತಂದೆವು, ನೇರ ದಾರಿಗೆ ಸುರುಳಿಯೇ ಮೇಲು. ಅಲ್ಲಿಂದ ಮೊದಲ ಕಟ್ಟನ್ನು ಬಿಚ್ಚುತ್ತ ಕಟ್ಟಡದ ಬಾಗಿಲಿಗೆ ಬಂದು, ಅಲ್ಲಿ ಒಂದು ಸಾಲನ್ನು ಎರಡಾಗಿ ಕವಲೊಡೆಸುವ ಡಿವೈಡಿಂಗ್ ಬ್ರೀಚಿಂಗ್ ಇಟ್ಟು, ಎರಡನೇ ಕಟ್ಟನ್ನು ಹೊತ್ತು ಇಬ್ಬರು ಹತ್ತಿದೆವು. ಹೆಜ್ಜೆ ಹೆಜ್ಜೆಗೆ ಒಂದೊಂದೇ ಪದರ ಹೆಗಲಿಂದ ಜಾರಿ ಮೆಟ್ಟಿಲಿಗೆ ಒರಗುತ್ತಿತ್ತು. ಹಿಂದಿದ್ದವನು ಪ್ರತಿ ತಿರುವಿನಲ್ಲೂ ಅದನ್ನು ಕಾಲಿನಿಂದ ಹೊರಗೋಡೆಯ ಕಡೆಗೆ ತಳ್ಳುತ್ತಿದ್ದ. ಮೂರನೇ ಮಹಡಿಯ ಬಾಗಿಲಿಗೆ ಬಂದಾಗ ಹೆಗಲ ಮೇಲೆ ಇನ್ನೂ ಐದಾರು ಪದರ ಉಳಿದಿತ್ತು. ಅದನ್ನು ನೆಲಕ್ಕೆ ಹಾಸಿ ನೀರು ಕೇಳಿದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಒತ್ತಡ ಹೋಗುತ್ತದೆಂದು ಚಾಲಕರಿಗೆ ಮೊದಲೇ ಹೇಳಿಟ್ಟಿದ್ದರಿಂದ ಬ್ರಾಂಚಿಗೆ ಬೇಕಾದ ಒತ್ತಡ ಮೊದಲ ಸಲಕ್ಕೇ ಬಂತು. ಗಾಡಿ ನಿಂತ ಗಳಿಗೆಯಿಂದ ನೀರು ಬೀಳುವವರೆಗೆ ನಾಲ್ಕು ನಿಮಿಷ ಹಿಡಿಯಿತು. ಅಂಥದೇ ಕಟ್ಟಡದಲ್ಲಿ ಮೊದಲು ಒಂಬತ್ತು, ಹತ್ತು ನಿಮಿಷ ತೆಗೆದುಕೊಂಡ ನೆನಪು ನನಗಿದೆ. ಟ್ಯಾಂಕಿನಲ್ಲಿರುವುದೇ 4,500 ಲೀಟರ್. ನಿಮಿಷಕ್ಕೆ 450 ಲೀಟರ್ ಹಾರಿಸಿದರೆ ಹತ್ತೇ ನಿಮಿಷದ ನೀರು. ಬೆಂಕಿ ಒಂದು ಕೋಣೆಯಲ್ಲಿರುವಾಗಲೇ ತಲುಪಿದ್ದರಿಂದ ಆ ರಾತ್ರಿ ಅಷ್ಟು ನೀರು ಸಾಕಾಯಿತು, ಎರಡನೇ ಗಾಡಿಯ ನೀರನ್ನು ಮುಟ್ಟಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆಮೇಲೆ ಇನ್ನೆರಡು ಕರೆಗಳಲ್ಲೂ ಕಟ್ಟು ಹೀಗೆಯೇ ಕೆಲಸ ಮಾಡಿದೆ. ಕೊನೆಯ ಮೂರು ಮಡಿಕೆಗಳನ್ನು ಬ್ರಾಂಚಿನ ಸುತ್ತ ಹೇಗೆ ಕೂರಿಸಿದರೆ ಅವು ಕತ್ತಲಲ್ಲೂ ತಾವಾಗಿ ಬಿಚ್ಚಿಕೊಳ್ಳುತ್ತವೆಂಬುದನ್ನು ಮಾತ್ರ ಬರೆದು ತಿಳಿಸುವುದಿಲ್ಲ. ಓದಿ ಅರ್ಧಂಬರ್ಧ ಮಾಡಿದರೆ ಸಿಕ್ಕು ಬೀಳುವುದು ಅಲ್ಲೇ. ಅದನ್ನು ಕೈಯಲ್ಲಿ ಹೋಸ್ ಹಿಡಿದೇ ಕಲಿಯಬೇಕು. ಈಗ ನಮ್ಮ ಗಾಡಿಯ ಎಡಗಡೆಯ ಲಾಕರಿನಲ್ಲಿ ಎರಡು ಕಟ್ಟುಗಳಿವೆ. ಡ್ರಿಲ್ ಮೈದಾನದಲ್ಲಿ ಅಂದು ಪ್ರಶ್ನೆ ಕೇಳಿದ ಹಿರಿಯರು ಕಳೆದ ವಾರ ಮೂರನೆಯದಕ್ಕೆ ಪಟ್ಟಿ ಹೊಲಿಸಲು ತಾವೇ ದುಡ್ಡು ಕೊಟ್ಟಿದ್ದಾರೆ. ಶುಕ್ರವಾರದ ಮಡಿಕೆ ಬದಲಾವಣೆಯ ಸರದಿ ಪಟ್ಟಿಯಲ್ಲಿ ಅವರ ಹೆಸರೂ ಇದೆ.