ಮೊಬೈಲ್ ಸುಮ್ಮನಿತ್ತು, ಆನೆ ತೋಟದಲ್ಲೇ ಇತ್ತು

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ದಿನಾ ಬೆಳಿಗ್ಗೆ ಯಾರು ಯಾವ ಬ್ಲಾಕಿಗೆ ಹೋಗಬೇಕು ಎಂದು ಹೇಳುವವನು ನಾನೇ. ಆನೆ ಇರುವ ಕಡೆಗೆ ಜನರನ್ನು ಕಳಿಸಿದರೆ ತಪ್ಪು ನನ್ನದೇ.

ಮೂರು ವರ್ಷದ ಹಿಂದೆ ಹಳ್ಳದ ದಾರಿಯಲ್ಲಿ ನಾಲ್ಕು ಕ್ಯಾಮೆರಾ ಹಾಕಿಸಿದೆವು. ಆನೆ ಕಂಡರೆ ಮೊಬೈಲಿಗೆ ಫೋಟೋ ಬರುತ್ತದೆ. ಅರಣ್ಯ ಇಲಾಖೆಯ ಮೆಸೇಜೂ ಬರುತ್ತದೆ. ಮೊದಲ ತಿಂಗಳು ಮೊಬೈಲನ್ನೂ ನೋಡುತ್ತಿದ್ದೆವು, ದಾರಿಯನ್ನೂ ನೋಡುತ್ತಿದ್ದೆವು. ಬರಬರುತ್ತಾ ದಾರಿ ನೋಡುವುದು ನಿಂತೇಹೋಯಿತು.

ಜನವರಿಯ ಒಂದು ಬೆಳಿಗ್ಗೆ, ಕುಯ್ಲು ಜೋರಾಗಿತ್ತು. ಮೊಬೈಲಿನಲ್ಲಿ ಏನೂ ಇರಲಿಲ್ಲ. ಹದಿನಾಲ್ಕು ಜನರನ್ನು ಕೆಳಗಿನ ಬ್ಲಾಕಿಗೆ ಕಳಿಸಿದೆ. ಮುಂದೆ ಹೋಗುತ್ತಿದ್ದ ಮೇಸ್ತ್ರಿ ತಟ್ಟನೆ ಕೈ ಎತ್ತಿ ನಿಂತರು. ಬೈನೆ ಮರ ಮುರಿದು ಬಿದ್ದಿತ್ತು. ಪಕ್ಕದಲ್ಲಿ ಲದ್ದಿ, ಆ ಚಳಿಯಲ್ಲಿ ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಐವತ್ತು ಹೆಜ್ಜೆ ಆಚೆ ಮಂಜಿನೊಳಗೆ ಒಂಟಿ ಸಲಗ. ಎಲ್ಲರೂ ಉಸಿರು ಬಿಗಿಹಿಡಿದು ಬಂದ ದಾರಿಯಲ್ಲೇ ವಾಪಸಾದರು. ಆಮೇಲೆ ನೋಡಿದರೆ ಕ್ಯಾಮೆರಾದ ಬ್ಯಾಟರಿ ರಾತ್ರಿಯೇ ಇಳಿದಿತ್ತು. ಆನೆ ಎಲ್ಲಿದೆ ಎಂದು ತಿಳಿಸುವ ಕುತ್ತಿಗೆ ಪಟ್ಟಿ, ಅಂದರೆ ರೇಡಿಯೋ ಕಾಲರ್ ಕೂಡ ಆ ಸಲಗಕ್ಕೆ ಇರಲಿಲ್ಲ, ಹಾಗಾಗಿ ಇಲಾಖೆಯ ಮೆಸೇಜೂ ಬಂದಿರಲಿಲ್ಲ. ಕಾಲರ್ ಹಾಕುವುದು ಹೆಚ್ಚಾಗಿ ಗುಂಪಿನ ಹೆಣ್ಣಾನೆಗೆ.

ಸಂಜೆ ಮೇಸ್ತ್ರಿ ಕೇಳಿದರು: "ರೈಟ್ರೇ, ಅದು ಸುಮ್ನಿದ್ರೆ ಆನೆ ಇಲ್ಲ ಅಂತಲೋ, ಅದೇ ಕೆಟ್ಟೋಗಿದೆ ಅಂತಲೋ? ನಮ್ಗೆ ಹೆಂಗ್ ಗೊತ್ತಾಗ್ಬೇಕು?"

ಆ ಪ್ರಶ್ನೆಯಿಂದಲೇ ಎಲ್ಲ ಬದಲಾಯಿಸಿದೆವು. ಈಗ ಆನೆ ಇರಲಿ ಬಿಡಲಿ, ಪ್ರತಿ ಕ್ಯಾಮೆರಾ ಅರ್ಧ ಗಂಟೆಗೊಂದು ಫೋಟೋ ಕಳಿಸುತ್ತದೆ. ಫೋಟೋ ಬರಲಿಲ್ಲ ಅಂದರೆ ಆನೆ ಇದೆ ಎಂದೇ ಲೆಕ್ಕ. ಮಂಜಿನಲ್ಲಿ ಸರಿಯಾಗಿ ಕಾಣದಿದ್ದರೂ ಅಷ್ಟೇ. ಜೊತೆಗೆ ಮೇಸ್ತ್ರಿ ಜೀಪಿನಲ್ಲಿ ಸುತ್ತಿ ಬರುತ್ತಾರೆ. ಬಂದು "ಎಲ್ಲ ಸರಿ ಇದೆ" ಅಂದರೆ ನಾನು ಒಪ್ಪುವುದಿಲ್ಲ. ಹಳ್ಳದ ಕೆಸರಲ್ಲಿ ಹೆಜ್ಜೆ ಇದೆಯಾ, ಲದ್ದಿ ಬಿಸಿಯಾ ತಣ್ಣಗಾ, ಕಂಡದ್ದನ್ನೇ ಹೇಳಬೇಕು. ಕೆಲಸ ಶುರುವಾಗಲು ಕ್ಯಾಮೆರಾ, ಮೇಸ್ತ್ರಿ ಎರಡೂ ಕಡೆಯಿಂದ ಸರಿ ಅನ್ನಿಸಬೇಕು. ನಿಲ್ಲಿಸಲು ಯಾವುದಾದರೂ ಒಂದು ಸಾಕು. ಕುಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ, ನಿಂತರೆ ಅವರಿಗೇ ನಷ್ಟ ಅಲ್ವಾ? ಅದಕ್ಕೆ ನಿಂತ ಹೊತ್ತಿಗೆ ದಿನಗೂಲಿ ಕೊಡಲು ಮಾಲೀಕರನ್ನು ಒಪ್ಪಿಸಿದೆ. ಇದೊಂದು ಆಗದಿದ್ದರೆ ಉಳಿದದ್ದೆಲ್ಲ ಒಂದು ವಾರವೂ ನಡೆಯುತ್ತಿರಲಿಲ್ಲ.

ರಾತ್ರಿಯಿಡೀ ಒಬ್ಬರನ್ನು ಸ್ಕ್ರೀನ್ ಮುಂದೆ ಕೂರಿಸೋಣ ಎಂಬ ಮಾತೂ ಬಂತು. ನಾನು ಬೇಡ ಅಂದೆ. 1948ರಲ್ಲೇ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ಮಾಡಿ ತೋರಿಸಿದ್ದರು, ಅಪರೂಪಕ್ಕೆ ಬರುವುದನ್ನು ಕಾಯುತ್ತಾ ಕೂತವರಿಗೆ ಅರ್ಧ ಗಂಟೆಯಲ್ಲೇ ಗಮನ ತಪ್ಪುತ್ತದೆ. ಆ ಕಾಯುವ ಕೆಲಸ ಕ್ಯಾಮೆರಾದ್ದೇ ಇರಲಿ. ಏನೋ ಕಂಡು ಅದು ಫೋಟೋ ಕಳಿಸಿದಾಗ ದನವೋ ಆನೆಯೋ ಎಂದು ಹೇಳಲು ನಾವು ಏಳುತ್ತೇವೆ. ಆನೆ ಕಂಡರೆ ತಾನೇ ಕೂಗುವ ಸೈರನ್ನನ್ನೂ ತೆಗೆಸಿದೆ. ಬೆದರಿದ ಆನೆ ಕೆಲಸದವರು ಇರುವ ಲೈನ್ ಮನೆಗಳ ಕಡೆಗೇ ಓಡಿದರೆ?

ಜೂನಿನಲ್ಲಿ ಮಳೆ ಹಿಡಿದರೆ ಲೆನ್ಸ್ ಮೇಲೆ ಬರೀ ನೀರು. ಹಲಸು ಹಣ್ಣಾಗುವ ಕಾಲ ಬೇರೆ, ಆನೆಗಳು ಜಾಸ್ತಿ. ಆಗ ಕ್ಯಾಮೆರಾವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೇಸ್ತ್ರಿಯ ಜೀಪ್ ಎರಡು ಸುತ್ತು ಹಾಕುತ್ತದೆ, ಕೆಲಸ ಒಂದು ಗಂಟೆ ತಡವಾಗಿ ಶುರುವಾಗುತ್ತದೆ.