ಸುಜುಕಿ ಅರ್ಧಕ್ಕೆ ನಿಂತರೆ ಪಲ್ಲಾಡಿಯಂ ಬಾಟಲಿಗೆ ಕೈ ಹಾಕಬೇಡಿ

ಎಂಎಸ್ಸಿ ಮುಗಿಸಿ ಬೊಮ್ಮಸಂದ್ರದ ನಮ್ಮ ಲ್ಯಾಬಿಗೆ ಸೇರುವ ಹುಡುಗ ಹುಡುಗಿಯರಿಗೆ ಪಲ್ಲಾಡಿಯಂ ಕ್ಯಾಟಲಿಸ್ಟ್ (ವೇಗವರ್ಧಕ) ಬಳಸಿ ಎರಡು ರಿಂಗ್‌ಗಳನ್ನು ಜೋಡಿಸುವ ಸುಜುಕಿ ರಿಯಾಕ್ಷನ್ನಿನ ಸೈಕಲ್, ಅಂದರೆ ಹಂತಗಳ ಚಕ್ರ, ಬಾಯಿಪಾಠ ಇರುತ್ತದೆ. ಬೋರ್ಡ್ ಮೇಲೆ ಚೆಂದವಾಗಿ ಬರೆದು ತೋರಿಸುತ್ತಾರೆ. ಆದರೆ ಫ್ಲಾಸ್ಕಿನಲ್ಲಿ ಅದು ಅರ್ಧಕ್ಕೆ ನಿಂತ ಕೂಡಲೇ ಕೇಳುವುದು ಒಂದೇ ಮಾತು: "ಮೇಡಂ, ಇನ್ನೂ 5 ಪರ್ಸೆಂಟ್ ಪಲ್ಲಾಡಿಯಂ ಹಾಕಲಾ?"

ಬೇಡ. ಹತ್ತರಲ್ಲಿ ಎಂಟು ಸಲ ತಪ್ಪು ಪಲ್ಲಾಡಿಯಂದಲ್ಲ.

ಅಕಿರಾ ಸುಜುಕಿ ಮತ್ತು ನೊರಿಯೊ ಮಿಯೌರಾ 1979ರಲ್ಲಿ ತೋರಿಸಿಕೊಟ್ಟ ವಿಧಾನ ಇದು. 2010ರ ನೊಬೆಲ್ ಸುಜುಕಿಯವರಿಗೆ ಹೆಕ್ ಮತ್ತು ನೆಗಿಶಿ ಅವರ ಜೊತೆ ಬಂತು. ಬಿಪಿ ಮಾತ್ರೆ ಲೊಸಾರ್ಟನ್ ಆಗಲಿ, ಬೆಳೆಗೆ ಹೊಡೆಯುವ ಶಿಲೀಂಧ್ರನಾಶಕ ಬೊಸ್ಕಾಲಿಡ್ ಆಗಲಿ, ಎರಡು ರಿಂಗ್‌ಗಳನ್ನು ಜೋಡಿಸಲು ಇದೇ ದಾರಿ ಹಿಡಿದಿದ್ದಾರೆ. ಚರಿತ್ರೆ ಇಷ್ಟು ಸಾಕು.

ಕೈ ಪಳಗಿಸಿಕೊಳ್ಳಲು ನಾನು ಕೊಡುವುದು 4-ಬ್ರೋಮೋಅನಿಸೋಲ್ ಮತ್ತು ಫೀನೈಲ್ ಬೋರಾನಿಕ್ ಆಸಿಡ್. ಬ್ರೋಮೈಡ್ 935 ಮಿಲಿಗ್ರಾಂ, ಅಂದರೆ 5 ಮಿಲಿಮೋಲ್. ಬೋರಾನಿಕ್ ಆಸಿಡ್ 1.2 ಈಕ್ವಿವಲೆಂಟ್ (ಬ್ರೋಮೈಡ್‌ನ ಮೋಲ್‌ಗಳ 1.2 ಪಟ್ಟು), 732 ಮಿಲಿಗ್ರಾಂ. ಬೇಸ್ ಆಗಿ ಪೊಟ್ಯಾಸಿಯಂ ಕಾರ್ಬೊನೇಟ್ 2 ಈಕ್ವಿವಲೆಂಟ್, 1.38 ಗ್ರಾಂ. ಡೈಆಕ್ಸೇನ್ 20 ಎಂಎಲ್, ನೀರು 5 ಎಂಎಲ್. ಟೆಟ್ರಾಕಿಸ್, ಅಂದರೆ ಫಾಸ್ಫೀನ್ ಹಿಡಿದಿಟ್ಟಿರುವ ಪಲ್ಲಾಡಿಯಂ ಕ್ಯಾಟಲಿಸ್ಟ್, 3 ಮೋಲ್ ಪರ್ಸೆಂಟ್, 173 ಮಿಲಿಗ್ರಾಂ. ಎಲ್ಲವೂ ಫ್ಯೂಮ್ ಹುಡ್ ಒಳಗೇ ನಡೆಯಬೇಕು.

ಈಗ ಕ್ರಮ. ಟೆಟ್ರಾಕಿಸ್ ಬಿಟ್ಟು ಉಳಿದದ್ದೆಲ್ಲ ಮೊದಲು ಫ್ಲಾಸ್ಕಿಗೆ ಹೋಗಲಿ. ಸೆಪ್ಟಮ್ (ರಬ್ಬರ್ ಮುಚ್ಚಳ) ಹಾಕಿ, ಉದ್ದನೆಯ ನೀಡಲ್‌ನಿಂದ ಸಾರಜನಕ ಅಥವಾ ಆರ್ಗಾನ್ ಬಿಡಿ. ನೀಡಲ್ ತುದಿ ದ್ರವದೊಳಗೆ ಮುಳುಗಿರಬೇಕು. ಮೇಲೆ ಬರೀ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದು ಡೀಗ್ಯಾಸ್ (ಕರಗಿದ ಆಮ್ಲಜನಕ ಹೊರಹಾಕುವುದು) ಅಲ್ಲ, ಸುಮ್ನೆ ಸಿಲಿಂಡರ್ ಖಾಲಿ ಮಾಡುವ ಕೆಲಸ. ಗ್ಯಾಸ್ ಹೊರಗೆ ಹೋಗಲು ಇನ್ನೊಂದು ನೀಡಲ್ ಚುಚ್ಚಿ. ಕಲಕುತ್ತಾ 15–20 ನಿಮಿಷ ಬಿಡಿ. ಆಮೇಲೆ ಟೆಟ್ರಾಕಿಸ್ ಹಾಕಿ, ಮತ್ತೆ 5 ನಿಮಿಷ ಗ್ಯಾಸ್. ಸೆಪ್ಟಮ್ ತೆಗೆದು ಕಂಡೆನ್ಸರ್ ಕೂರಿಸಿ, ಮೇಲೆ ಸಾರಜನಕದ ಬಲೂನ್ ಕಟ್ಟಿ, 90 ಡಿಗ್ರಿಗೆ ಏರಿಸಿ. ಬಿಸಿ ಮಾಡಿದ ಮೇಲೆ ಡೀಗ್ಯಾಸ್ ಮಾಡುವವರನ್ನೂ ನೋಡಿದ್ದೇನೆ. ಅಷ್ಟು ಹೊತ್ತಿಗೆ ಆಗಬೇಕಾದ ಹಾನಿ ಆಗಿರುತ್ತದೆ.

ಆಮ್ಲಜನಕಕ್ಕೆ ಇಷ್ಟು ಹೆದರುವುದು ಯಾಕೆ? ಅದು ಟೆಟ್ರಾಕಿಸ್‌ನ ಫಾಸ್ಫೀನನ್ನು ಆಕ್ಸೈಡ್ ಮಾಡಿಬಿಡುತ್ತದೆ. ಹಿಡಿದಿಡುವವರಿಲ್ಲದೆ ಪಲ್ಲಾಡಿಯಂ ಕಪ್ಪು ಪುಡಿಯಾಗಿ ಗಾಜಿಗೆ ಅಂಟುತ್ತದೆ. ಜೊತೆಗೆ ಬೋರಾನಿಕ್ ಆಸಿಡ್ ತನಗೆ ತಾನೇ ಜೋಡಿಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಬೈಫೀನೈಲ್. ಟಿಎಲ್‌ಸಿಯಲ್ಲಿ (ಮಿಶ್ರಣದಲ್ಲಿರುವುದನ್ನು ಬೇರೆ ಬೇರೆ ಸ್ಪಾಟ್ ಆಗಿ ತೋರಿಸುವ ಪ್ಲೇಟ್) ನಿಮ್ಮ ಪ್ರಾಡಕ್ಟ್‌ಗಿಂತ ಮೇಲೆ ಓಡುವ ಸ್ಪಾಟ್. ಅದು ದಪ್ಪಗಿದ್ದರೆ ಡೀಗ್ಯಾಸ್ ಸರಿಯಾಗಿ ಆಗಿಲ್ಲ ಅಂತಲೇ ಮೊದಲು ಅನುಮಾನಿಸಿ.

ಟೆಟ್ರಾಕಿಸ್ ಬಾಟಲಿಯನ್ನೂ ಕಣ್ಣಿಟ್ಟು ನೋಡಿ. ಒಳ್ಳೆಯ ಮಾಲು ಹೊಳೆಯುವ ಹಳದಿ. ಹಸಿರು ಅಥವಾ ಕಂದು ತಿರುಗಿದ್ದರೆ ತೂಕ ಮಾಡುವ ಶ್ರಮವೂ ದಂಡ. ಆರ್ಗಾನ್ ತುಂಬಿ ಫ್ರಿಜ್‌ನಲ್ಲಿಡಿ. ಇಷ್ಟೆಲ್ಲ ತಲೆನೋವು ಬೇಡ ಎಂದರೆ ಡಿಪಿಪಿಎಫ್ ಎಂಬ ಬೇರೆ ಫಾಸ್ಫೀನ್ ಇರುವ, ಕಿತ್ತಳೆ-ಕೆಂಪು ಬಣ್ಣದ ಪಲ್ಲಾಡಿಯಂ ಕ್ಯಾಟಲಿಸ್ಟ್ ತಗೊಳ್ಳಿ. ಗಾಳಿಯಲ್ಲಿ ಆರಾಮಾಗಿ ತೂಗಬಹುದು. ಹೊಸಬರಿಗೆ ನನ್ನ ಓಟು ಅದಕ್ಕೇ.

ಸರಿ, ಎಲ್ಲ ಮಾಡಿಯೂ ಬೆಳಿಗ್ಗೆ ಬಂದಾಗ ಅರ್ಧ ಬ್ರೋಮೈಡ್ ಹಾಗೇ ಉಳಿದಿದೆ. ಮೊದಲು ಕೇಳಬೇಕಾದ ಪ್ರಶ್ನೆ: ಬೋರಾನಿಕ್ ಆಸಿಡ್ ಇನ್ನೂ ಇದೆಯಾ? ಬಿಸಿ ಮತ್ತು ಬೇಸ್ ಸೇರಿದರೆ ಬೋರಾನ್ ಕಳಚಿ ಆ ಜಾಗಕ್ಕೆ ಹೈಡ್ರೋಜನ್ ಕೂರುತ್ತದೆ. ಫೀನೈಲ್ ಆದರೆ ಬೆಂಜೀನ್ ಆಗಿ ಹೋಗುತ್ತದೆ, ಟಿಎಲ್‌ಸಿ ಪ್ಲೇಟಿನಲ್ಲಿ ಸುಳಿವೇ ಸಿಗುವುದಿಲ್ಲ. ಫೀನೈಲ್ ಸಾಧು ಪ್ರಾಣಿ, ತಡೆದುಕೊಳ್ಳುತ್ತದೆ. 2-ಪಿರಿಡೈಲ್ ಬೋರಾನಿಕ್ ಆಸಿಡ್ ಇದೆಯಲ್ಲ, ಅದರ ಕಾಟ ಹೇಳತೀರದು. ಮುಗಿದಿದ್ದರೆ 0.3 ಈಕ್ವಿವಲೆಂಟ್ ಬೋರಾನಿಕ್ ಆಸಿಡ್ ಮತ್ತೆ ಹಾಕಿ. ಪಲ್ಲಾಡಿಯಂ ಅಲ್ಲ.

ಬೋರಾನಿಕ್ ಆಸಿಡ್ ಉಳಿದಿದೆ, ಆದರೂ ಮುಂದೆ ಹೋಗುತ್ತಿಲ್ಲವೇ? ನಿಮ್ಮ ಹ್ಯಾಲೈಡ್ ಯಾವುದು ನೋಡಿ. ಅಯೋಡೈಡ್ ಸಲೀಸು, ಬ್ರೋಮೈಡ್ ಪರವಾಗಿಲ್ಲ. ಸಾಮಾನ್ಯ ಅರೈಲ್ ಕ್ಲೋರೈಡ್ ಟೆಟ್ರಾಕಿಸ್‌ಗೆ ಬಗ್ಗುವುದಿಲ್ಲ. ಅಲ್ಲಿ ಎಕ್ಸ್‌ಫಾಸ್, ಎಸ್‌ಫಾಸ್ ತರಹದ ದೊಡ್ಡ ಲಿಗ್ಯಾಂಡ್ (ಪಲ್ಲಾಡಿಯಂ ಹಿಡಿದಿಡುವ ಫಾಸ್ಫೀನ್) ಬೇಕು. ಎಷ್ಟು ಟೆಟ್ರಾಕಿಸ್ ಸುರಿದರೂ ಅದು ಎಕ್ಸ್‌ಫಾಸ್ ಆಗುವುದಿಲ್ಲ, ಅಲ್ವಾ? ಫ್ಲಾಸ್ಕ್ ಗೋಡೆಗೆ ಕಪ್ಪು ಕನ್ನಡಿ ಹಿಡಿದು, ಮೇಲಿನ ಎರಡೂ ಸರಿಯಿದ್ದರೆ ಮಾತ್ರ ಹೊಸ ಕ್ಯಾಟಲಿಸ್ಟ್ ಹಾಕಿ. ಅದೂ ತಣ್ಣಗೆ ಮಾಡಿ, ಮತ್ತೊಮ್ಮೆ ಡೀಗ್ಯಾಸ್ ಮಾಡಿದ ಮೇಲೆ.

ಯಾಕಿಷ್ಟು ಜಿಪುಣತನ ಅಂದರೆ, ಹಾಕಿದ್ದನ್ನೆಲ್ಲ ಮುಂದೆ ತೆಗೆಯಬೇಕು. 173 ಮಿಲಿಗ್ರಾಂ ಟೆಟ್ರಾಕಿಸ್‌ನಲ್ಲಿ ಪಲ್ಲಾಡಿಯಂ ಲೋಹ ಸುಮಾರು 16 ಮಿಲಿಗ್ರಾಂ. ಬಾಯಿಂದ ತೆಗೆದುಕೊಳ್ಳುವ ಔಷಧಿಯಲ್ಲಿ ಐಸಿಎಚ್ (ಔಷಧಿಗಳ ಗುಣಮಟ್ಟದ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ) ಒಪ್ಪುವುದು ದಿನಕ್ಕೆ 100 ಮೈಕ್ರೋಗ್ರಾಂ. ಅಂದರೆ ಈ ಪುಟ್ಟ ಫ್ಲಾಸ್ಕಿನಲ್ಲಿ 160 ದಿನದ ಮಿತಿ ಕೂತಿದೆ. ಉಳಿದ ಫಾಸ್ಫೀನ್ ಆಕ್ಸೈಡ್ ಶುದ್ಧಮಾಡುವ ಸಿಲಿಕಾ ಕಾಲಮ್‌ನಲ್ಲಿ ಕೊಡುವ ಕಾಟ ಬೇರೆ.

ವರ್ಕಪ್ (ರಿಯಾಕ್ಷನ್ ಮುಗಿದ ಮೇಲಿನ ಸೋಸು-ತೊಳೆ ಕೆಲಸ) ಸುಲಭ. ತಣ್ಣಗಾದ ಮೇಲೆ ಈಥೈಲ್ ಅಸಿಟೇಟ್ ಸೇರಿಸಿ ಸೀಲೈಟ್ (ಸೋಸುವ ಪುಡಿ) ಮೇಲೆ ಸೋಸಿ, ನೀರು ಮತ್ತು ಬ್ರೈನ್‌ನಿಂದ (ಉಪ್ಪುನೀರು) ತೊಳೆದು, ಸೋಡಿಯಂ ಸಲ್ಫೇಟ್‌ನಲ್ಲಿ ಒಣಗಿಸಿ, ರೋಟಾದಲ್ಲಿ (ರೋಟರಿ ಇವಾಪೊರೇಟರ್) ದ್ರಾವಕ ಆವಿ ಮಾಡಿ. ಹೆಕ್ಸೇನ್‌ನಲ್ಲಿ 2ರಿಂದ 5 ಪರ್ಸೆಂಟ್ ಈಥೈಲ್ ಅಸಿಟೇಟ್ ಹಿಡಿದರೆ ಪ್ರಾಡಕ್ಟ್ ಇಳಿಯುತ್ತದೆ, ಫಾಸ್ಫೀನ್ ಆಕ್ಸೈಡ್ ಕಾಲಮ್‌ನಲ್ಲೇ ಉಳಿಯುತ್ತದೆ. 4-ಮೀಥಾಕ್ಸಿಬೈಫೀನೈಲ್ ಬಿಳಿ ಪುಡಿ, ಪೂರ್ತಿ ಬಂದರೆ 921 ಮಿಲಿಗ್ರಾಂ. ಬೂದು ಬಣ್ಣ ಕಂಡರೆ ಪಲ್ಲಾಡಿಯಂ ಜೊತೆಗೇ ಬಂದಿದೆ ಎಂದು ಅನುಮಾನಿಸಿ. ಕರಗಿಸಿ, ಪಲ್ಲಾಡಿಯಂ ಹಿಡಿದುಕೊಳ್ಳುವ ಥಯೋಲ್ ಸಿಲಿಕಾ ಹಾಕಿ ಸ್ವಲ್ಪ ಬೆಚ್ಚಗೆ ಕಲಕಿ, ಸೋಸಿ. ಬಿಳಿ ಬಂತೆಂದು ನಂಬಿ ಕೂರಬೇಡಿ. ಔಷಧಿಯ ಮಾಲಾದರೆ ಉಳಿದ ಲೋಹ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆಗೆ ಕಳಿಸಿ.

ಕಪ್ಪು ಹಿಡಿದ ಸ್ಟಿರ್ ಬಾರ್ ಎಸೆದುಬಿಡಿ. ಟೆಫ್ಲಾನ್‌ಗೆ ಅಂಟಿದ ಪಲ್ಲಾಡಿಯಂ ಮುಂದಿನ ರಿಯಾಕ್ಷನ್‌ನಲ್ಲೂ ಕೆಲಸ ಮಾಡಬಲ್ಲದು. ಕ್ಯಾಟಲಿಸ್ಟ್ ಇಲ್ಲದ ಕಂಟ್ರೋಲ್ (ಹೋಲಿಕೆಯ ಪ್ರಯೋಗ) ಮಾಡುವಾಗ ಇದು ಸುಳ್ಳು ಉತ್ತರ ಕೊಡುತ್ತದೆ.

ಸೀಲೈಟ್ ಕೇಕನ್ನು ಪಲ್ಲಾಡಿಯಂ ಡಬ್ಬಿಗೆ ಹಾಕಿ, ಲೋಹ ವಾಪಸ್ ತೆಗೆಯುವವರು ಒಯ್ಯುತ್ತಾರೆ. ಹೈಡ್ರೋಜನೇಷನ್ನಿನ ಪಲ್ಲಾಡಿಯಂ ಕಾರ್ಬನ್‌ಗೆ ಮಾತ್ರ ಬೇರೆ ಡಬ್ಬಿ. ಅದು ಫಿಲ್ಟರ್ ಮೇಲೆ ಒಣಗಿದರೆ, ಅದರಲ್ಲೂ ಮೆಥನಾಲ್ ಹಬೆ ಇದ್ದರೆ, ತಾನೇ ಹೊತ್ತಿಕೊಳ್ಳುತ್ತದೆ. ಸೋಸುವಾಗ ಕೊನೆಯ ಹನಿವರೆಗೂ ಎಳೆಯಬೇಡಿ. ಕೇಕ್ ಒದ್ದೆಯಿರುವಾಗಲೇ ನೀರು ಸುರಿದು, ನೀರಿನೊಳಗೇ ಮುಚ್ಚಿಟ್ಟು ಹೆಸರು ಬರೆಯಿರಿ.