ಹೊಲಕ್ಕೆ ಎಣ್ಣೆ ಹೊಡೆಯುವ ಮೊದಲು ಒಮ್ಮೆ ಬ್ಯಾಟರಿ ಹಿಡಿದು ನೋಡಿ

ವಿಜಯಪುರ ಕಡೆಯ ರೈತ ಅಣ್ಣಂದಿರೇ, ತೊಗರಿ ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಮೊದಲು, ಹುಳ ಹಿಡಿಯುವ ತೋಳ ಜೇಡ ಇವೆಯಾ ನೋಡಲು ಒಂದು ರಾತ್ರಿ ಬ್ಯಾಟರಿ ಹಿಡಿದು ಹೋಗಿ. ಕಣ್ಣಿನ ಪಕ್ಕದಲ್ಲೇ ಹಿಡಿದು ನೆಲ ನೋಡಿ. ಸೊಂಟದ ಹತ್ತಿರ ಹಿಡಿದರೆ ಏನೂ ಕಾಣೋದಿಲ್ಲ, ನಾನೂ ಮೊದಲು ಹಾಗೇ ಮಾಡಿದ್ದೆ. ಎರೆ ಮಣ್ಣಿನ ಮೇಲೆ ಹಸಿರು ಚುಕ್ಕೆ ಮಿನುಗಿದರೆ ಅದು ಇಬ್ಬನಿ ಇರಬಹುದು, ಆದರೆ ಸರಿದಾಡಿದರೆ ತೋಳ ಜೇಡದ ಕಣ್ಣು!

ಇವುಗಳಲ್ಲಿ ಹೆಚ್ಚಿನವು ಬಲೆ ಹೆಣೆದು ಕೂರುವುದಿಲ್ಲ, ಓಡಿ ಹುಳ ಹಿಡಿಯುತ್ತವೆ. ಜಗತ್ತಿನಲ್ಲಿ 2,400ಕ್ಕೂ ಹೆಚ್ಚು ಬಗೆ ಇವೆ. ತಾಯಿ ಮೊಟ್ಟೆಯ ಚೀಲವನ್ನು ಹಿಂದೆ ಅಂಟಿಸಿಕೊಂಡೇ ತಿರುಗುತ್ತದೆ, ಆಮೇಲೆ ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ. ಸುಮ್ನೆ ಚಪ್ಪಲಿಯಿಂದ ಹೊಡೆಯಬೇಡಿ.

ಬದುವಿನಲ್ಲಿ ಸ್ವಲ್ಪ ಕಣಕಿ (ಜೋಳದ ಒಣ ದಂಟು) ಹಾಗೇ ಬಿಡಿ, ಅಡಗಲು ಜಾಗ ಬೇಕಲ್ವಾ. ಕಣ್ಣು ಜಾಸ್ತಿ ಕಂಡರೆ, ಹುಳ ಎಷ್ಟಿದೆ ನೋಡಿಕೊಂಡು ಆಮೇಲೆ ಎಣ್ಣೆಯ ಮಾತು. ಕಾಲಿಗೆ ಬೂಟು ಮರೀಬೇಡಿ, ಹಾವೂ ಇರುತ್ತವೆ.